ಅಪ್ಪನ ಸರದಿಯ ಪಾಸ್ತಾ

ಲಾಂಡ್ರಿಯ ಮೇಲಿನ ಮನೆ,
ಮಾರ್ಚ್ ೯, ಭಾನುವಾರ ಸಂಜೆ

ಪ್ರೀತಿಯ ಅಮ್ಮಾ,

ಭುಜದ ನೋವು ಹೇಗಿದೆ? ಬಸ್ಸಿನ ಆ ದೊಡ್ಡ ಸ್ಟೀರಿಂಗ್ ತಿರುಗಿಸಿ ತಿರುಗಿಸಿ ಕೈ ಎತ್ತಲಾಗುವುದಿಲ್ಲ ಎಂದಿದ್ದೆ. ಬಿಸಿನೀರಿನ ಶಾಖ ಕೊಟ್ಟುಕೊ. ಡ್ರೈವಿಂಗ್ ತರಬೇತಿಯ ಮೇಷ್ಟ್ರು ‘ಅಮ್ಮಾವ್ರೇ, ಇದು ಒಲೆಯಲ್ಲ, ಗೇರು’ ಎಂದು ಇನ್ನೊಮ್ಮೆ ಅಂದರೆ ಸುಮ್ಮನಿರಬೇಡ. ಒಲೆ ಆಳಿದ ಕೈಗೆ ಗೇರು ಯಾವ ಲೆಕ್ಕ ಎಂದು ಕೇಳು. ಇದು ನಾನು ಓದುವ ಯಾವ ಹೋರಾಟದ ಕಿರುಹೊತ್ತಿಗೆಯಲ್ಲೂ ಇಲ್ಲ, ನನ್ನದೇ ಮಾತು.

ನಾನೂ ಅಪ್ಪನೂ ಬರೀ ಬ್ರೆಡ್ ತಿನ್ನುತ್ತಿದ್ದೇವೆಂದು ಎದುರುಮನೆಯ ಟೀಚರಮ್ಮ ನಿನಗೆ ಚಾಡಿ ಹೇಳಿದರಲ್ಲ, ಅದು ಸುಳ್ಳಲ್ಲ. ನೀನು ಹೊರಟ ಮರುದಿನವೇ ಸೌಟು ತಾನಾಗಿ ಮಗಳ ಕೈಗೆ ಬರಬೇಕೆಂಬುದು ಯಾವ ನ್ಯಾಯ? ಒಂದು ದಿನ ನಾನು, ಒಂದು ದಿನ ಅಪ್ಪ ಎಂದು ಸರದಿ ಹಾಕಿದೆ. ತಮ್ಮ ಸರದಿ ಬಂದಾಗೆಲ್ಲ ಅಪ್ಪ ಕೆಳಗೆ ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಬಿಟ್ಟು ಮೇಲೆ ಬಾರದೆ, ‘ಬ್ರೆಡ್ ಇದ್ಯಲ್ಲ ಲೀಡರಮ್ಮ’ ಎನ್ನುತ್ತಿದ್ದರು. ಆ ಸಿಟ್ಟಿಗೆ ನಾನೂ ಒಲೆ ಹಚ್ಚಲಿಲ್ಲ. ಅದನ್ನೆಲ್ಲ ಕೇಳಿಯೇ ತಾನೇ ನೀನು ಫೋನಿನಲ್ಲಿ, ಬರುವ ಶನಿವಾರ ತರಬೇತಿ ಬಿಟ್ಟು ಬಂದುಬಿಡುತ್ತೇನೆ ಎಂದದ್ದು? ಅದಕ್ಕೆ ಅಪ್ಪ ‘ನಿನ್ನಿಷ್ಟ’ ಎಂದು ಫೋನಿಟ್ಟರು. ಬೇಡ ಎನ್ನಲಿ ಎಂದು ನೀನು ಕಾದಿದ್ದೆ ಎಂದು ನನಗೆ ಗೊತ್ತು. ಪರೀಕ್ಷೆಗೆ ಇನ್ನೆರಡೇ ವಾರ. ಈಗ ಬಿಟ್ಟರೆ ತರಬೇತಿಯವರು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಅದಕ್ಕೇ ಮೊನ್ನೆ ನಡೆದದ್ದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಶುಕ್ರವಾರ ಅಪ್ಪನ ಸರದಿ. ಬ್ರೆಡ್ಡು ಕಲ್ಲಾಗಿತ್ತು. ಅಪ್ಪ ಗೊಣಗುತ್ತ ಕಪಾಟು ತಡಕಿ, ಅಗ್ಗಕ್ಕೆ ಸಿಕ್ಕಿತೆಂದು ನೀನು ತಂದಿಟ್ಟಿದ್ದ ಪಾಸ್ತಾ ಪೊಟ್ಟಣ ತೆಗೆದು, ಅದರ ಬೆನ್ನಿಗೆ ಅಚ್ಚು ಹಾಕಿದ್ದನ್ನು ಕನ್ನಡಕ ಏರಿಸಿ ಓದಿದರು. ಎಣ್ಣೆ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಅಷ್ಟೇ. ಚೀಸ್ ಇಲ್ಲದಿದ್ದರೆ ಒಣಗಿದ ಬ್ರೆಡ್ಡಿನ ಪುಡಿ ಹುರಿದು ಉದುರಿಸಬೇಕಂತೆ. ಇಟಲಿಯ ಬಡವರ ಜಾಣತನದ ಬಗ್ಗೆ ನಾನು ಬಾಯಿ ತೆರೆಯುವಷ್ಟರಲ್ಲಿ, ‘ಮೊದ್ಲು ಬೆಳ್ಳುಳ್ಳಿ ಸುಲಿ, ಆಮೇಲೆ ಕ್ರಾಂತಿ’ ಎಂದರು. ಪಾಸ್ತಾ ಬೇಯುವಷ್ಟರಲ್ಲಿ ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂತು. ಬಸಿದ ನೀರಲ್ಲಿ ಒಂದು ಸೌಟು ಬಾಣಲೆಗೆ ಹೋಯಿತು, ಎಣ್ಣೆ ಪಾಸ್ತಾಕ್ಕೆ ಅಂಟಲೆಂದು. ಉಳಿದದ್ದನ್ನು ನಾನು ಚೆಲ್ಲಹೊರಟರೆ ಅಪ್ಪ ‘ಅಯ್ಯಯ್ಯೋ, ಇಷ್ಟು ಒಳ್ಳೇ ಗಂಜಿ!’ ಎಂದು ಪಾತ್ರೆ ಕಸಿದುಕೊಂಡು ಕೆಳಗೆ ಓಡಿದರು. ನಮ್ಮ ಗಿರಾಕಿ ವಕೀಲರ ಬಿಳಿ ಅಂಗಿಗಳಿಗೆಲ್ಲ ಅದೇ ಗಂಜಿ. ಬೇಯಿಸುವಾಗ ಹಿಡಿ ಉಪ್ಪು ಸುರಿದದ್ದು ಇಬ್ಬರಿಗೂ ನೆನಪಾಗಲಿಲ್ಲ. ನಿನ್ನೆ ಬೆಳಿಗ್ಗೆ ಅಂಗಿ ಒಯ್ದ ವಕೀಲರು ಸಂಜೆ ಅವನ್ನೆಲ್ಲ ಹೊತ್ತು, ಕತ್ತು ಕೆರೆದುಕೊಳ್ಳುತ್ತ ಮನೆಗೇ ಹತ್ತಿ ಬಂದು, ‘ಅಂಗೀನ ಸಮುದ್ರದಲ್ಲಿ ಒಗೆದ್ರೇನ್ರೀ?’ ಎಂದರು. ಅವರು ಮೆಟ್ಟಿಲಿಳಿಯುವ ತನಕ ತಡೆದುಕೊಂಡ ಅಪ್ಪ ಆಮೇಲೆ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನೀನು ಹೋದಮೇಲೆ ಆ ನಗು ಕೇಳಿದ್ದು ಇದೇ ಮೊದಲು. ಅಂಗಿಗಳನ್ನು ಇಬ್ಬರೂ ಕೂಡಿ ಮತ್ತೆ ಒಗೆದೆವು.

ನಿನ್ನೆ ರಾತ್ರಿಯ ಸರದಿ ನನ್ನದು. ಆದರೂ ‘ನೀನು ಬೆಳ್ಳುಳ್ಳಿ ಸೀಯಿಸ್ತೀಯ’ ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ ಅವರೇ ಮಾಡಿದರು. ಸಿದ್ಧಾಂತದ ಪ್ರಕಾರ ನಾನು ಪ್ರತಿಭಟಿಸಬೇಕಿತ್ತು. ತಟ್ಟೆ ಹಿಡಿದು ಕೂತೆ. ರುಚಿಯಾಗಿತ್ತಮ್ಮ.

ನಿನ್ನ ಕೋಣೆಯ ಗೆಳತಿಯರನ್ನೆಲ್ಲ ಕೇಳಿದೆನೆಂದು ಹೇಳು. ಹೊಟ್ಟೆ ತುಂಬ ಉಣ್ಣು.

ನಿನ್ನ ಮುದ್ದಿನ, ಮೊಂಡು
ಮಗಳು

ಇನ್ನೊಂದು ಮಾತು: ಕಾಗದ ಮಡಚುವಷ್ಟರಲ್ಲಿ ಅಪ್ಪ ಒದ್ದೆ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ‘ಶನಿವಾರ ಬರೋದು ಬೇಡ, ಪರೀಕ್ಷೆ ಮುಗಿಸ್ಕೊಂಡೇ ಬಾ ಅಂತ ಬರಿ. ನಾನ್ ಹೇಳ್ದೆ ಅಂತ ಬರೀಬೇಡ.’ ಅಪ್ಪ ಹೇಳಿದರೆಂದೇ ಬರೆಯುತ್ತಿದ್ದೇನೆ. ಬರಬೇಡ ಅಮ್ಮಾ.