ಎಪ್ಪತ್ತೆಂಟು ಕಿಲೋ

ಕೈಂದಿ ಹಳ್ಳಿ, ನರಿನ್ ಸೀಮೆ
ನವೆಂಬರ್ ೧೪, ಶುಕ್ರವಾರ

ಪ್ರೀತಿಯ ಕನಿಶಾಯ್,

‘ಬೂದು ಕುದುರೆಯೇ, ನನ್ನನ್ನು ಹೊತ್ತು ಹೊತ್ತು ನೀನು…’ ಮುಂದೇನಿತ್ತು? ಎಂ.ಎ. ಓದುವಾಗ ಹಾಸ್ಟೆಲಿನಲ್ಲಿ ಒಂದೇ ಕಂಬಳಿಯೊಳಗೆ ಕಾಲು ಹುದುಗಿಸಿಕೊಂಡು ನಾವಿಬ್ಬರೂ ಹೇಳಿಕೊಳ್ಳುತ್ತಿದ್ದ ಸಾಲು. ‘ಹಗುರಾದೆ’ ಎಂದಿತ್ತೆಂದು ನನ್ನ ನೆನಪು. ಇಷ್ಟು ವರ್ಷ ಮಕ್ಕಳಿಗೂ ಹಾಗೆಯೇ ಹೇಳಿಕೊಟ್ಟೆ. ಈಗ ಅನುಮಾನ. ಹೊತ್ತದ್ದು ಹಗುರಾಗುವುದು ಹೇಗೆ? ಅದನ್ನು ಬರೆದವನು ಕುದುರೆಯ ಮೇಲೆ ಕೂತಿದ್ದವನು. ಕೆಳಗಿದ್ದದ್ದನ್ನು ಯಾರೂ ಕೇಳಿರಲಿಕ್ಕಿಲ್ಲ.

ನಾನು ಫೋನು ಎತ್ತುತ್ತಿಲ್ಲವೆಂದು ನೀನು ಕಾಗದ ಬರೆದೆ. ಅದು ಕೈಗೆ ಬಂದು ಹನ್ನೆರಡು ದಿನವಾಯಿತು. ಒಂದೇ ಪ್ರಶ್ನೆ ಕೇಳಿದ್ದೀಯ: “ಕುಲೀಪಾ, ನನ್ನ ಗಂಡ ಮುರಿದ ಬೈಕಿಗೆ ಬೆಸುಗೆ ಹಾಕಿ, ಬಣ್ಣ ಬಳಿದು ಮಾರೋ ಮನುಷ್ಯ ಅಂತ ನಿನಗೆ ನಿಜವಾಗಿ ಅನ್ನಿಸುತ್ತಾ?” ನೀನು ಬೈದಿದ್ದರೆ ನಾನೂ ಬೈದು ಬರೆದುಬಿಡುತ್ತಿದ್ದೆ. ನೀನು ಬೈಯಲಿಲ್ಲ.

ಇಲ್ಲ, ಅನ್ನಿಸುವುದಿಲ್ಲ. ಅವತ್ತೂ ಅನ್ನಿಸಿರಲಿಲ್ಲ. ಹೇಗೆ ನಡೆಯಿತೋ ಹಾಗೇ ಬರೆಯುತ್ತೇನೆ.

ಆಗಸ್ಟಿನಲ್ಲಿ ನನಗೆ ನದಿಯ ಆಚೆ ದಂಡೆಯ ಶಾಲೆಯ ಪಾಠಗಳನ್ನೂ ವಹಿಸಿದರು. ಹನ್ನೊಂದು ಕಿಲೋಮೀಟರು. ಬಸ್ಸಿಲ್ಲ. ಕುದುರೆಯಲ್ಲಿ ಹೋದರೆ ಸಂಜೆಯವರೆಗೆ ಅದಕ್ಕೆ ಹುಲ್ಲು ನೀರು ಕೊಡುವವರಿಲ್ಲ. ಕುರಿ ಕಾಯುವವರೆಲ್ಲ ಬೈಕಿಗೆ ಬದಲಾಗಿದ್ದಾರೆ, ನನಗೇಕೆ ಆಗದು ಎಂದುಕೊಂಡೆ. ನಲವತ್ತೆಂಟು ವರ್ಷಕ್ಕೆ ಮೊದಲ ಬೈಕು! ಅಲ್ಲಿಯವರೆಗೆ ಹಿಂದಿನ ಸೀಟಿನಲ್ಲೂ ಕೂತವಳಲ್ಲ. ಕೂರಿಸಿಕೊಳ್ಳುವ ಧೈರ್ಯ ಯಾರೂ ಮಾಡಿರಲಿಲ್ಲ ಎನ್ನುವುದು ಸರಿ.

ಭಾನುವಾರದ ಸಂತೆಗೆ ಬಂದೆ. ನಿನ್ನ ಶರ್ಷೆನ್ ಹಳೆಯ ಬೈಕುಗಳನ್ನು ನಿಲ್ಲಿಸಿಕೊಳ್ಳುವ ಮೂಲೆ ಕುದುರೆ ಸಾಲಿನ ಪಕ್ಕದಲ್ಲೇ ಇದೆಯಲ್ಲ. ನಾನು ಕುದುರೆ ನೋಡುವ ಕಣ್ಣಿನಿಂದಲೇ ಬೈಕು ನೋಡಿದೆ. ಬೆನ್ನು ಸವರಿದೆ, ಕಾಲುಗಳ ನಡುವಿನ ಅಂತರ ನೋಡಿದೆ, ಎಡಗಡೆಯಿಂದಲೇ ಹತ್ತಿ ಇಳಿದೆ. ಜನ ಸೇರಿದರು. ನಮ್ಮವರಿಗೆ ಯಾರೋ ಏನೋ ಕೊಳ್ಳುತ್ತಿದ್ದಾರೆಂದರೆ ಸಾಕು, ಸಲಹೆ ಕೊಡದೆ ಹೋದರೆ ಊಟ ಸೇರುವುದಿಲ್ಲ.

ಶರ್ಷೆನ್ ನನ್ನನ್ನು ಒಮ್ಮೆ ನೋಡಿದ. ಒಂದೇ ಒಂದು ಸಲ. ನೇರವಾಗಿ ಹೋಗಿ ಕೊನೆಯಲ್ಲಿದ್ದ ಕಪ್ಪು ಬೈಕನ್ನು ಎಳೆದು ತಂದ. ಎತ್ತರದ್ದು, ಅಗಲ ಸೀಟು, ಹಿಂದೆ ದಪ್ಪ ಸ್ಪ್ರಿಂಗು. “ಅಕ್ಕಾ, ನಿಮಗೆ ಇದು” ಎಂದ.

ನಿನಗೆ ಗೊತ್ತಲ್ಲ ಕನಿಶಾಯ್, ನಮ್ಮ ಸಂತೆಯಲ್ಲಿ ದಪ್ಪ ಮೂಳೆಯ ಕುದುರೆಯನ್ನು ಯಾರ ಮುಂದೆ ತಂದು ನಿಲ್ಲಿಸುತ್ತಾರೆ ಎಂದು. ಇಪ್ಪತ್ತು ಜನರ ನಡುವೆ ನನ್ನ ಮೈಯನ್ನು ಗಟ್ಟಿಯಾಗಿ ಓದಿ ಹೇಳಿದಂತಾಯಿತು. ಅಷ್ಟು ಸಾಲದೆ ಕುರಿ ವ್ಯಾಪಾರಿಯೊಬ್ಬ ಹಿಂದಿನಿಂದ ಕೂಗಿದ: “ಹೋರಿ ತೂಗೋ ಕಟ್ಟೆ ಅಲ್ಲೇ ಇದೆಯಲ್ಲಕ್ಕಾ, ಒಂದ್ಸಲ ಹತ್ತಿಬಿಡಿ! ನಿಮ್ಮ ಸರದಿ ಮುಗಿಯೋವರೆಗೆ ಹೋರಿ ಕಾಯುತ್ತೆ!” ನಗು ಎದ್ದಿತು. ನಾನೂ ನಕ್ಕೆ. ಅಂಥ ನಗುವನ್ನು ನಾನು ಹತ್ತನೇ ವಯಸ್ಸಿನಲ್ಲೇ ಕಲಿತಿದ್ದೇನೆ.

ಶರ್ಷೆನ್ ನಗಲಿಲ್ಲ. “ಹೋಗಯ್ಯಾ, ನಿನ್ನ ಕುರಿ ಕಳ್ಕೊಂಡುಬಿಟ್ಟೀಯ” ಎಂದು ಅವನನ್ನು ಗದರಿ ಕಳಿಸಿದ. ಜನ ಚದುರಿದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದ: “ಬೇಜಾರಾಗ್ಬೇಡಿ ಅಕ್ಕ. ಕೇಳಲೇಬೇಕು. ಎಷ್ಟು ಕಿಲೋ?”

“ಎಪ್ಪತ್ತೆಂಟು” ಎಂದೆ.

ವಸಂತದಲ್ಲಿ ಆಸ್ಪತ್ರೆಯ ನರ್ಸು ಬರೆದುಕೊಂಡದ್ದು ನೂರ ಹನ್ನೆರಡು. ಅವನು ನೆಲ ನೋಡಿದ. ಕುರಿಯನ್ನು ಕಣ್ಣಿನಿಂದಲೇ ತೂಗಿ ಬೆಳೆದವನು, ಗೊತ್ತಾಗದೆ ಇರುತ್ತದೆಯೇ? “ನೀವು ಎಪ್ಪತ್ತೆಂಟು ಅಂದ್ರೆ ಎಪ್ಪತ್ತೆಂಟು. ಆದ್ರೂ ನನ್ನ ಮಾತು ಕೇಳಿ, ಈ ಕಪ್ಪು ಬೈಕನ್ನೇ ತಗೊಳ್ಳಿ. ಪುಸ್ತಕದ ಚೀಲ ಇರುತ್ತಲ್ಲ.”

“ನನ್ನ ಪುಸ್ತಕ ಅಷ್ಟೊಂದು ತೂಗಲ್ಲ ತಮ್ಮಾ” ಎಂದೆ. ನನ್ನ ಮಾನ ಉಳಿಸಲು ಅವನು ಒಂದು ಪುಸ್ತಕದ ಚೀಲವನ್ನು ಮುಂದೆ ಹಿಡಿದಿದ್ದ. ನಾನು ಅದನ್ನೂ ಕಿತ್ತು ಎಸೆದೆ.

ಕೆಂಪು ಬಣ್ಣದ ಚಿಕ್ಕದೊಂದನ್ನು ಆರಿಸಿದೆ. ಎರಡೂ ಪಾದ ನೆಲಕ್ಕೆ ಊರುತ್ತಿದ್ದವು, ಹೊಸಬಳಿಗೆ ಅದೇ ಒಳ್ಳೆಯದು ಎಂದು ಬಾಯಲ್ಲಿ ಹೇಳಿದೆ. ನಿಜವೆಂದರೆ, ಕಪ್ಪು ಬೈಕನ್ನು ಕೊಂಡರೆ ಅದನ್ನು ಹತ್ತಿ ಹೊರಟಾಗಲೆಲ್ಲ ಒಪ್ಪಿಕೊಂಡಂತೆ. ಹೊರಡುವಾಗ ಅವನು ಹೇಳಿದ: “ಅಕ್ಕಾ, ಇದು ಎಲ್ಲ ಸೇರಿ ನೂರೈವತ್ತು ತಾಳುತ್ತೆ. ನೀವೂ ಸೇರಿ. ಮರೀಬೇಡಿ.”

ಎರಡು ದಿನ ಚೆನ್ನಾಗಿಯೇ ಓಡಿತು. ಹೇಳಲೇ? ಸಂತೋಷವಾಗಿತ್ತು. ಗಾಳಿಗೆ ನನ್ನ ತೂಕ ಗೊತ್ತಿರಲಿಲ್ಲ.

ಮೂರನೆಯ ದಿನ ಅಂಗಡಿಯವನು ನನ್ನ ಹಿಟ್ಟಿನ ಮೂಟೆ ಹೊತ್ತು ತಂದು, “ಹಿಂದೆ ಕಟ್ಟಲಾ ಟೀಚರ್? ಐವತ್ತು ಕಿಲೋ ಇದೆ, ತಾಳುತ್ತಾ?” ಎಂದ. ಬೇಡವೆಂದರೆ ಯಾಕೆಂದು ಕೇಳುತ್ತಿದ್ದ. “ಕಟ್ಟು” ಎಂದೆ. ಲೆಕ್ಕದ ಟೀಚರಲ್ಲದಿದ್ದರೂ ಅಷ್ಟು ಕೂಡಲು ನನಗೆ ಬರುತ್ತದೆ.

ಸೇತುವೆಯ ಇಳಿಜಾರಿನ ಕಲ್ಲುಗಳ ಮೇಲೆ ಹಿಂಭಾಗ ಕುಸಿದು ಕೂತಿತು. ಚಕ್ರ ಮಡ್‌ಗಾರ್ಡಿಗೆ ಸಿಕ್ಕಿಕೊಂಡಿತು, ಏನೋ ಪಟ್ಟನೆ ಮುರಿಯಿತು. ನಾನು ಒಂದು ಕಡೆ, ಬೈಕು ಒಂದು ಕಡೆ, ಮೂಟೆ ಒಡೆದು ಹಿಟ್ಟು ನಮ್ಮಿಬ್ಬರ ಮೇಲೆ. ಮಂಡಿ ತರಚಿದ್ದು ಬಿಟ್ಟರೆ ನನಗೇನೂ ಆಗಲಿಲ್ಲ. ಬೈಕನ್ನು ಎತ್ತಲು ನನ್ನಿಂದಾಗಲಿಲ್ಲ. ನನ್ನನ್ನು ಎತ್ತಲು ಮೂವರು ಬೇಕಾದರು. ಅವರಲ್ಲೊಬ್ಬ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದದ್ದು ಕಂಡಿತು. ಆ ಕೈ ಕಂಡ ಕ್ಷಣವೇ ನನ್ನ ಬಾಯಿಂದ ಬಂತು: “ಶರ್ಷೆನ್ ಮೋಸ ಮಾಡಿದ. ಒಳಗೆ ಮುರಿದದ್ದಕ್ಕೆ ಬೆಸುಗೆ ಹಾಕಿ ಕೊಟ್ಟಿದ್ದಾನೆ.” ತಕ್ಷಣ ನಗು ನಿಂತಿತು. ಎಲ್ಲರೂ ನನ್ನ ಪಕ್ಷವಾದರು. ಅದು ಅಷ್ಟು ಸುಲಭವೆಂದು ನನಗೆ ತಿಳಿದಿರಲಿಲ್ಲ.

ಆಮೇಲಿನದು ನಿನಗೆ ಗೊತ್ತಿದೆ. ಮಾರಿದ ಕುದುರೆ ಮೂರು ದಿನದೊಳಗೆ ಕುಂಟಿದರೆ ಮಾರಿದವನೇ ವಾಪಸು ಪಡೆಯಬೇಕು ಎನ್ನುವ ನಮ್ಮ ಸಂತೆಯ ಪದ್ಧತಿಯನ್ನು ಬೈಕಿಗೂ ಹಚ್ಚಿದರು. ಮುಂದಿನ ಭಾನುವಾರ ಬಿಳಿ ಟೋಪಿಯ ಹಿರಿಯರ ಮುಂದೆ ನಿಂತು ನಾನು ಅದನ್ನೇ ಹೇಳಿದೆ, ಪಾಠ ಹೇಳುವ ದನಿಯಲ್ಲಿ. ನಿನಗೆ ಗೊತ್ತಿಲ್ಲದ್ದು ಒಂದಿದೆ. ಹಿರಿಯರು ಮಾತಾಡುವ ಮೊದಲು ಶರ್ಷೆನ್ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ: “ಅಕ್ಕಾ, ಅವತ್ತು ನೀವು ಹೇಳಿದ್ದು ಸರಿಯಾಗೇ ಇತ್ತಲ್ವಾ?” ಅವನು ಬಾಗಿಲು ತೆರೆದು ಹಿಡಿದಿದ್ದ. ನಾನು “ನಾನ್ಯಾಕೆ ಸುಳ್ಳು ಹೇಳಲಿ?” ಎಂದೆ, ಗಟ್ಟಿಯಾಗಿ. ಅವನು ತಲೆಯಾಡಿಸಿ ಹಣ ಕೊಟ್ಟು, ಬೈಕನ್ನು ತಳ್ಳಿಕೊಂಡು ಹೋದ. ಅಲ್ಲೇ ಇದ್ದ ತೂಕದ ಕಟ್ಟೆಯ ಕಡೆಗೆ ಒಂದು ಬೆರಳು ತೋರಿಸಿದ್ದರೆ ಸಾಕಿತ್ತು. ತೋರಿಸಲಿಲ್ಲ.

ಈಗ ಅವನು ಸಂತೆಯ ಗೇಟಿನ ಹೊರಗೆ ಚರಂಡಿಯ ಪಕ್ಕ ನಿಲ್ಲುತ್ತಾನಂತೆ, ಯಾರೂ ನಿಂತು ವಿಚಾರಿಸುವುದಿಲ್ಲವಂತೆ. ಚಳಿಗಾಲಕ್ಕೆ ಮೊದಲು ಆ ಮೂಲೆಯನ್ನು ಬೇರೆಯವನಿಗೆ ಕೊಡುತ್ತಾರೆಂದು ನೀನು ಬರೆದಿದ್ದೀಯ. ಇದೇ ಭಾನುವಾರ ತೀರ್ಮಾನವೆಂದೂ.

ಕ್ಷಮಿಸು ಎಂದು ಬರೆಯಲು ಪೆನ್ನು ಏಳುತ್ತಿಲ್ಲ. ನಾನು ಸುಳ್ಳು ಹೇಳಿದೆ ಎಂದು ಶರ್ಷೆನ್‌ಗೆ ಓದಿ ಹೇಳು. ಬೇರೆ ಯಾರಿಗೂ ತೋರಿಸಬೇಡ. ನಾನು ನಾಳೆಯೂ ಮಕ್ಕಳ ಮುಂದೆ ನಿಲ್ಲಬೇಕು. ಓದಿದ ಮೇಲೆ ಒಲೆಗೆ ಹಾಕಿಬಿಡು.

ನಿನ್ನ ಗೆಳತಿ ಎನ್ನಿಸಿಕೊಂಡಿದ್ದ,
ಕುಲೀಪಾ

ಮರೆತ ಮಾತು — ಶನಿವಾರ ಬೆಳಿಗ್ಗೆ: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಇದನ್ನು ಸೇರಿಸುತ್ತಿದ್ದೇನೆ. ಇದು ನನ್ನ ಕೈಯಿಂದಲೇ ನಿನ್ನ ಕೈಗೆ ಬರುತ್ತದೆ. ಪಕ್ಕದ ಮನೆಯ ಸೊನುನ್ ಅಜ್ಜಿ ಉಣ್ಣೆ ಮಾರಲು ನಾಳೆ ಸಂತೆಗೆ ಹೊರಟಿದ್ದಾಳೆ, ಅವಳ ಕೈಯಲ್ಲಿ ಕಳಿಸೋಣವೆಂದಿದ್ದೆ. ಇಷ್ಟೊಂದು ಅಂಟು ಯಾಕೆ ಎಂದು ಕೇಳಿದಳು. ಯಾಕೋ, ಎಲ್ಲವನ್ನೂ ಹೇಳಿಬಿಟ್ಟೆ, ನೂರ ಹನ್ನೆರಡನ್ನೂ. “ಹನ್ನೆರಡಾ? ನಾನು ಹದಿನೈದು ಅಂದ್ಕೊಂಡಿದ್ದೆ” ಎಂದಳು. ಆಮೇಲೆ ಲಕೋಟೆಯನ್ನು ನನ್ನ ಕೈಗೇ ವಾಪಸು ತುರುಕಿ, ಹೊಸ್ತಿಲ ಆಚೆ ನಿಂತು ಹೇಳಿದಳು:

“ಅವನು ಮೋಸಗಾರ ಅಂತ ಸಂತೆ ನಡುವೆ ನಿಂತು ಕೂಗಿದ್ಯಲ್ಲ ಟೀಚರಮ್ಮ, ಅಲ್ಲ ಅಂತ ಹೇಳೋಕೆ ಮಾತ್ರ ಲಕೋಟೆ ಬೇಕಾ? ನಾಳೆ ಏಳಕ್ಕೆ ನನ್ನ ಮಗನ ವ್ಯಾನು ಹೊರಡುತ್ತೆ. ಮುಂದಿನ ಸೀಟು ನಿನಗೆ ಖಾಲಿ ಇಟ್ಟಿರ್ತೀನಿ, ನಾನು ಉಣ್ಣೆ ಜೊತೆ ಹಿಂದೆ ಕೂತ್ಕೋತೀನಿ.”