ಬಾಗಿಲಾಚೆ ಕೂತವಳು

ಡುಲುತ್, ಜಾರ್ಜಿಯಾ, ಅಮೆರಿಕ
ಅಕ್ಟೋಬರ್ ೧೨, ೧೯೯೭

ಪ್ರೀತಿಯ ಅಪ್ಪಾ,

ನಮಸ್ಕಾರ. ಕಣ್ಣಿನ ಪೊರೆ ತೆಗೆಸಿದ ಮೇಲೆ ಓದುವುದು ಸಲೀಸಾಗಿದೆಯೇ? ವೇದಾ ಅತ್ತೆ ದಿನವೂ ಊಟ ಕಳಿಸುತ್ತಿದ್ದಾರೆಂದು ಕೇಳಿ ಸಮಾಧಾನವಾಯಿತು. ಇಲ್ಲಿ ಎಲ್ಲರೂ ಕ್ಷೇಮ. ಮಗು ಬೋರಲು ಬೀಳುತ್ತಿದೆ. ಬಾಣಂತನ ಮುಗಿದರೂ ಅಮ್ಮ ನನಗೆ ತಣ್ಣೀರು ಮುಟ್ಟಲು ಬಿಡುವುದಿಲ್ಲ.

ಇಲ್ಲಿನ ಲೈಬ್ರರಿಯಲ್ಲಿ ಶನಿವಾರ ಮಧ್ಯಾಹ್ನ ಹಳೆಯ ಜಪಾನಿ ಚಿತ್ರಗಳನ್ನು ತೋರಿಸುತ್ತಿದ್ದಾರೆ. ನಿಮ್ಮ ನೆನಪಾಗಿ, ನಿನ್ನೆ ಮಗುವನ್ನು ನಿಮ್ಮ ಅಳಿಯ ಪ್ರತಾಪ್‌ಗೆ ಒಪ್ಪಿಸಿ ಅಮ್ಮನನ್ನು ಕರೆದುಕೊಂಡು ಹೋದೆ. ನಿಮ್ಮ ಫಿಲ್ಮ್ ಸೊಸೈಟಿಯ ಚರ್ಚೆಗಳು ಅಷ್ಟು ವರ್ಷ ನಮ್ಮ ಹಜಾರದಲ್ಲೇ ನಡೆದರೂ ಅಮ್ಮ ಅಂಥ ಒಂದು ಚಿತ್ರವನ್ನೂ ನೋಡಿರಲಿಲ್ಲ ಎಂಬುದು ನನಗೆ ಹೊಳೆದದ್ದು ಅಲ್ಲಿ ಕೂತ ಮೇಲೆ. ಯುದ್ಧ ಮುಗಿದ ಕಾಲದ ಕಥೆ. ಮೇಷ್ಟ್ರೊಬ್ಬರ ಮನೆಯಲ್ಲಿ ಸ್ನೇಹಿತರು ಸೇರಿ ಹೊಸ ಕಾಲ, ಹೆಂಗಸರ ಸ್ವಾತಂತ್ರ್ಯ ಎಂದೆಲ್ಲ ಮಾತಾಡುತ್ತಾರೆ. ಹೆಂಡತಿ ಚಹಾ ಇಟ್ಟು, ಕಾಗದದ ಬಾಗಿಲು ಸರಿಸಿ ಆಚೆ ಹೋಗುತ್ತಾಳೆ. ಕ್ಯಾಮೆರಾ ಮಾತಿನ ಜೊತೆ ಒಳಗೆ ಉಳಿಯುವುದಿಲ್ಲ. ನೀವು ಹೇಳುತ್ತಿದ್ದಂತೆ, ನೆಲದ ಮೇಲೆ ಕೂತವರ ಕಣ್ಣಿನ ಎತ್ತರದಲ್ಲಿ, ಅವಳ ಪಕ್ಕ ಪಡಸಾಲೆಯಲ್ಲೇ ಕೂರುತ್ತದೆ. ಅವಳು ಕೇಳಿಸಿಕೊಳ್ಳುತ್ತಾಳೆ, ಅಷ್ಟೇ. ನಾನು ಸಬ್‌ಟೈಟಲ್‌ಗಳನ್ನು ಕನ್ನಡದಲ್ಲಿ ಪಿಸುಗುಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಅಮ್ಮ, “ಸುಮ್ನಿರು, ಗೊತ್ತಾಗ್ತಿದೆ,” ಎಂದಳು.

ಮುಗಿದ ಮೇಲೆ ಚರ್ಚೆ ಇತ್ತು. ಹೊರಡೋಣ ಎಂದರೆ, “ತಾಳು, ಏನಂತಾರೆ ಕೇಳೋಣ,” ಎಂದಳು. ಒಬ್ಬರು ಬೆಳಕಿನ ಬಗ್ಗೆ, ಇನ್ನೊಬ್ಬರು ಆ ಗಂಡನ ಕ್ರೌರ್ಯದ ಬಗ್ಗೆ ಹೇಳಿದರು. ಆಗ ಅಮ್ಮ ನನ್ನ ತೋಳು ಮುಟ್ಟಿ, “ನಾನೊಂದು ಮಾತು ಹೇಳ್ತೀನಿ, ನೀನು ಇಂಗ್ಲಿಷಲ್ಲಿ ಹೇಳು,” ಎಂದಳು. ಹೇಳಿದ್ದು ಇಷ್ಟು: “ಆ ಯಜಮಾನ್ರು ಕೆಟ್ಟೋರೇನಲ್ಲ. ಒಳಗೆ ಬರಬೇಡ ಅಂತ ಅವಳಿಗೆ ಯಾರೂ ಅಂದಿರ್ಲಿಲ್ಲ. ಬಾ ಅಂತಾನೂ ಯಾರೂ ಅನ್ನಲಿಲ್ಲ.” ನಾನು ಅದನ್ನು ಹಾಗೆಯೇ ಇಂಗ್ಲಿಷಿಗೆ ತಿರುಗಿಸಿ ಹೇಳಿದೆ. ಅಮ್ಮ ಸೆರಗು ಸರಿಮಾಡಿಕೊಂಡು, ಮುಂದಿನವರು ಏನು ಹೇಳುತ್ತಾರೋ ಎಂದು ಅವರ ಮುಖ ನೋಡುತ್ತಿದ್ದಳು. ಕಾರಿನಲ್ಲಿ ನಿಮ್ಮ ಬಗ್ಗೆ ಏನೂ ಅನ್ನಲಿಲ್ಲ, ಅಪ್ಪಾ. ನಾನೂ ಕೇಳಲಿಲ್ಲ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ. ಕಣ್ಣಿಗೆ ಡ್ರಾಪ್ಸ್ ಹಾಕಿಕೊಳ್ಳುವುದನ್ನು ತಪ್ಪಿಸಬೇಡಿ.

ನಿಮ್ಮ ಮಗಳು,
ಶ್ರೀಲತಾ

ಮರೆತಿದ್ದೆ: ದೀಪಾವಳಿಗೆ ಅಮ್ಮ ಬರುವುದಿಲ್ಲ. ಚಿತ್ರಗಳು ಡಿಸೆಂಬರ್‌ವರೆಗೂ ಇವೆ. ಟಿಕೆಟನ್ನು ಜನವರಿಗೆ ಹಾಕಿಸಿದ್ದೇವೆ. ಏರ್‌ಲೈನ್‌ನವರು ಫೋನಿನಲ್ಲಿದ್ದಾಗ, ಅಪ್ಪನನ್ನು ಒಂದು ಮಾತು ಕೇಳೋಣವೇ ಎಂದೆ. “ತಿಳಿಸಿದ್ರೆ ಸಾಕು,” ಎಂದಳು.