ಹಡಗುಗಳ ಸುಡುಗಾಡಿಗೆ ಭಾವನ ಸವಾರಿ

ಭಾವನಗರ, ಗುಜರಾತ್
ಫೆಬ್ರವರಿ 11, 2025

ಪೂಜ್ಯ ಅಕ್ಕನಿಗೆ,

ಕೃಷ್ಣರಾಜನಗರ, ಹುಣಸೂರು, ಪಿರಿಯಾಪಟ್ಟಣ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಸಮಸ್ತ ಮಹಾಜನರಿಗೂ, ವಿಶೇಷವಾಗಿ ಹೊಸ ಅಗ್ರಹಾರದ ಮಂಗಳಗೌರಿಯೆಂಬ ನಿನಗೂ ಈ ಮೂಲಕ ಸಾರಿ ತಿಳಿಸುವುದೇನೆಂದರೆ: ಇಂದು ಮಧ್ಯಾಹ್ನ, ಲಾಡ್ಜಿನ ಊಟದ ಹಾಲಿನಲ್ಲಿ, ಅನೇಕ ಸಾಕ್ಷಿಗಳ ಸಮ್ಮುಖದಲ್ಲಿ, ನಿನ್ನ ಯಜಮಾನರಾದ ಶ್ರೀಮಾನ್ ನಂಜಣ್ಣನವರು ಸಾರು ಚೆನ್ನಾಗಿಲ್ಲವೆಂದು ಬೈದರು!

ಇದೂ ಒಂದು ಸುದ್ದಿಯಾ ಎಂದು ಮೂಗು ಮುರಿಯಬೇಡ. ಪ್ರಾಯವೆಲ್ಲ ಸರಕು ಹಡಗಿನ ಅಡುಗೆಮನೆಯಲ್ಲಿ ಕಳೆದು, ಮನೆಗೆ ಬಂದ ಮೇಲೆ ನಿನ್ನ ಒಂದೊಂದು ಒಗ್ಗರಣೆಗೂ ತಪ್ಪು ಹುಡುಕುತ್ತಿದ್ದ ಮನುಷ್ಯ, ಸಂಕ್ರಾಂತಿಯಿಂದೀಚೆಗೆ ಯಾವ ಅಡುಗೆಗೂ ತಕರಾರು ತೆಗೆದಿರಲಿಲ್ಲ. ಉಪ್ಪೇ ಬೀಳದ ಹುಳಿಯನ್ನು ಅವರು ಸುಮ್ಮನೆ ಉಂಡು ಕೈ ತೊಳೆದ ದಿನವೇ ಅಲ್ಲವೇ ನೀನು ಹೆದರಿ ಹುಣಸೂರಿಗೆ ನನಗೆ ಫೋನ್ ಮಾಡಿದ್ದು? ಊಟದ ಮುಂದಿನ ಆ ಮೌನ ಇವತ್ತು ಮುರಿಯಿತು.

“ಸಾರಿಗೆ ಬೆಲ್ಲ ಸುರ‍್ದೋನ್ ಯಾವನ್ಲಾ? ಇದೇನ್ ಸಾರಾ, ಪಾಯಸ್ವಾ?”

ಅಡುಗೆಯವನಿಗೆ ಕನ್ನಡ ಬಾರದು. ಹೊಗಳಿದರೆಂದು ತಿಳಿದು, ಕೈಮುಗಿದು, ಇನ್ನೊಂದು ಸೌಟು ಬಡಿಸಿದ. ಭಾವ ಅದನ್ನೂ ಬೈಯುತ್ತಲೇ ಉಂಡರು. ಆನಂದಕ್ಕೆ ನನ್ನ ಕಣ್ಣಲ್ಲಿ ನೀರು ಬಂತು. ಹಸಿಮೆಣಸಿನಕಾಯಿಯದ್ದೂ ಸ್ವಲ್ಪ ಪಾಲಿರಬಹುದು.

ತಲುಪಿದ ಕೂಡಲೇ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಫೋನಿನಲ್ಲಿ ನನ್ನ ದನಿ ಕೇಳಿದೊಡನೆ ನೀನು ಕಟ್ ಮಾಡುತ್ತೀಯೆ. ಭಾವನ ಕೈಗೆ ಫೋನ್ ಕೊಟ್ಟರೆ ಅವರು “ಊಂ, ಉಂಡೆ, ಇಡ್ಲಾ?” ಎಂದು ಮುಗಿಸುತ್ತಾರೆ. ಹಾಗಾಗಿ ನಿನ್ನ ನ್ಯಾಯಾಲಯಕ್ಕೆ ಸ್ಪೀಡ್ ಪೋಸ್ಟಿನಲ್ಲಿ ಈ ಅಹವಾಲು. ಭಾವನನ್ನು ಕರೆತಂದ ಊರಿನ ಹೆಸರೂ ಭಾವನಗರವೇ ಆಗಿರುವುದಕ್ಕೆ ಮಾತ್ರ ನಾನು ಹೊಣೆಯಲ್ಲ.

ನಿನ್ನ ಸಿಟ್ಟಿನಲ್ಲಿ ನ್ಯಾಯವಿದೆ. ಹೊರಡುವ ದಿನ ಬಾಗಿಲಲ್ಲಿ ನಿಂತು, “ಎದೆಗೆ ಸ್ಟೆಂಟ್ ಹಾಕ್ಸಿರೋ ಗಂಡಸನ್ನ ಸುಡುಗಾಡಿಗೆ ಕರ‍್ಕೊಂಡು ಹೊಂಟಿದ್ದೀಯಲ್ಲ, ಬುದ್ಧಿ ಐತೇನ್ಲಾ ನಿಂಗೆ? ಹೋದಂಗೇ ವಾಪಸ್ ತಂದು ಒಪ್ಪಿಸ್ಲಿಲ್ಲ ಅಂದ್ರೆ ನಿಂಗೂ ನಂಗೂ ಸಂಬಂಧ ಮುಗೀತು” ಎಂದಿದ್ದೆ. ದಾರಿಯುದ್ದಕ್ಕೂ ರೈಲಿನ ಗಾಲಿಗಳು ಅದನ್ನೇ ಹೇಳಿದವು.

ಆದರೆ ಅಕ್ಕ, ಈ ಚಟ ಹತ್ತಿಸಿದವನು ನಾನೊಬ್ಬನೇ ಅಲ್ಲ. ಭಾವನೂ ನಾನೂ ಸೇರಿದಾಗಲೆಲ್ಲ ಮೊಬೈಲಿನಲ್ಲಿ ನೋಡುತ್ತಿದ್ದದ್ದು ಅದೇ ತಾನೇ? ಅಮೆರಿಕದ ಮರಳುಗಾಡಿನಲ್ಲಿ ಸಾಲಾಗಿ ನಿಂತ ಮುದಿ ವಿಮಾನಗಳು, ಎತ್ತಿಗೆ ಕುಕ್ಕೆ ಕಟ್ಟಿದಂತೆ ಅವುಗಳ ಮೂತಿಗೆ ಮುಸುಕು. ದಡಕ್ಕೆ ಬಂದು ಬಿದ್ದ ಹಡಗುಗಳು. ನೀನು ಒಳಗಿಂದ, “ಅದ್ಯಾವ ಹೆಣ ನೋಡ್ತಾ ಕುಂತಿದ್ದೀರಿ, ಉಣ್ಣಾಕೆ ಬನ್ನಿ” ಎಂದು ಕೂಗುತ್ತಿದ್ದೆ. ತಲೆಯ ಮೇಲೆ ಹಾರುವ ವಿಮಾನವನ್ನು ಕತ್ತೆತ್ತಿಯೂ ನೋಡದ ನಾವು, ರೆಕ್ಕೆ ಕಳಚಿಟ್ಟದ್ದನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತಿದ್ದೆವು.

ಆಮೇಲೆ ಕಣ್ಣೂರಿನಿಂದ ಭಾವನ ಹಳೆಯ ಜೊತೆಗಾರನೊಬ್ಬ ಆ ಚಿತ್ರ ಕಳಿಸಿದ. ಇಲ್ಲಿಗೆ ಹತ್ತಿರದಲ್ಲೇ, ಹಳೆಯ ಹಡಗು ಒಡೆಯುವ ಅಲಂಗಿನ ದಡದ ಕೆಸರಿನಲ್ಲಿ ಮೂತಿ ಹುಗಿದು ನಿಂತ, ಭಾವ ದುಡಿದ ‘ಓರಿಯಂಟ್ ಜಾಸ್ಮಿನ್’. ನೀನು ಮದುವೆಯಾದ ಹೊಸತರಲ್ಲಿ “ನನ್ನ ಸವತಿ” ಎಂದು ಬೈಯುತ್ತಿದ್ದ ಅದೇ ಮಲ್ಲಿಗೆ ಹಡಗು. ಅಂದಿನಿಂದ ಭಾವನ ಬಾಯಿಗೆ ಬೀಗ. ಊರವರು ಸಾವಿನ ಮನೆಗೆ ಬರುವಂತೆ ಬಂದರು. ಪಕ್ಕದ ಮನೆಯ ಅಂಕಯ್ಯ ಜಗಲಿಯಲ್ಲಿ ಟವೆಲ್ ಹಾಸಿ ಕೂತು, “ಎಷ್ಟು ವಯಸ್ಸಾಗಿತ್ತು ನಂಜಣ್ಣ?” ಎಂದು ಕೇಳಿದ.

“ಮೂವತ್ತು ದಾಟಿತ್ತು.”

“ಅಯ್ಯೋ, ಇನ್ನೂ ಬಾಳಿ ಬದುಕೋ ವಯಸ್ಸು ಬುಡು.”

ಆಗ ನನಗೆ ತೋಚಿದ್ದು ಒಂದೇ. ದೂರದಲ್ಲಿ ಸತ್ತವರ ಮುಖ ನೋಡದಿದ್ದರೆ ಮನಸ್ಸು ಒಪ್ಪುವುದಿಲ್ಲ. ಹಡಗಾದರೂ ಅಷ್ಟೇ ಇರಬಹುದು. ಅದಕ್ಕೇ ಕರೆದುಕೊಂಡು ಬಂದೆ.

ನಿನ್ನೆ ಹೋಗಿದ್ದೆವು. ಯಾರು ಬೇಕಾದರೂ ನುಗ್ಗುವ ಜಾಗವಲ್ಲ. ಕಣ್ಣೂರಿನವನ ಪರಿಚಯದ ಮೇಸ್ತ್ರಿಯೊಬ್ಬ ತಲೆಗೆ ಹೆಲ್ಮೆಟ್ ಕೊಟ್ಟು ಒಳಗೆ ಬಿಟ್ಟ. ಅಕ್ಕ, ಏನು ಹೇಳಲಿ! ನೀರಿನಲ್ಲಿ ಓಡುವಾಗ ಹಡಗಿನ ಅರ್ಧ ಮೈ ಮುಳುಗಿರುತ್ತದೆ, ಇಲ್ಲಿ ಹೊಟ್ಟೆಯೆಲ್ಲ ಹೊರಗೆ. ಭಾವನ ಹೊಟ್ಟೆಯೂ ರಿಟೈರಾದ ಮೇಲೆಯೇ ತಾನೇ ಪೂರ್ತಿ ಕಂಡದ್ದು? ಸಂತೆಯಲ್ಲಿ ದನ ಕಟ್ಟಿದಂತೆ ಕಣ್ಣಳತೆಯವರೆಗೂ ಸಾಲು ಸಾಲು. ಒಂದಕ್ಕೆ ಮುಖವಿಲ್ಲ, ಇನ್ನೊಂದಕ್ಕೆ ಬೆನ್ನಿಲ್ಲ. ಎಲ್ಲೆಲ್ಲೂ ಗ್ಯಾಸಿನ ಬೆಂಕಿಯ ಕಿಡಿ. ಮಾತಿನ ಮಲ್ಲನಾದ ನಾನೂ ಆಸ್ಪತ್ರೆಯ ವಾರ್ಡಿನಲ್ಲಿ ಇದ್ದವನಂತೆ ಪಿಸುಗುಟ್ಟುತ್ತಿದ್ದೆ.

ಮಲ್ಲಿಗೆಯ ಮುಂಭಾಗವನ್ನು ಆಗಲೇ ಕತ್ತರಿಸಿದ್ದರು. ಹಿಂದಿನ ಅಂತಸ್ತುಗಳ ಗೋಡೆ ಬಿಚ್ಚಿ, ದಸರೆಗೆ ಗೊಂಬೆ ಕೂರಿಸುವ ಮೆಟ್ಟಿಲುಗಳ ಹಾಗೆ ಒಂದೊಂದು ಕೋಣೆಯೂ ಬಯಲಾಗಿತ್ತು. ಭಾವ ನಿಂತುಬಿಟ್ಟರು. ನಾನು ಒಂದು ಕೈಯಲ್ಲಿ ಅವರ ರಟ್ಟೆ, ಇನ್ನೊಂದರಲ್ಲಿ ನಾಲಿಗೆಯ ಕೆಳಗಿಡುವ ಮಾತ್ರೆ ಹಿಡಿದು, ನಿನ್ನ ಮುಖವನ್ನು ನೆನೆಯುತ್ತ ಸಕಲ ದೇವರಿಗೂ ಹರಕೆ ಹೊತ್ತೆ. ಅವರ ಕೈ ನಿಧಾನವಾಗಿ ಮೇಲೆದ್ದಿತು. ಮುಗಿಯಿತು ಅಂದುಕೊಂಡೆ.

“ಅಲ್ ನೋಡ್ಲಾ ಶಿವು, ಎರಡನೇ ಅಂತಸ್ತು. ನನ್ನ ಅಡುಗೆಮನೆ! ಆ ಚಿಮಣಿ ಕಾಣ್ತದಾ? ನಾನಿದ್ದಾಗ್ಲೂ ಹೊಗೆ ಎಳೀತಿರ್ಲಿಲ್ಲ ಕಣ್ಲಾ, ಕಳ್ಳ ನನ್ಮಗಂದು!” ಎಂದವರೇ ನಕ್ಕರು. ಕಣ್ಣು ತುಂಬಿತ್ತು, ಆದರೆ ನಗು ನಗುವೇ. ಮಾತ್ರೆ ಕೈಯಲ್ಲೇ ಕರಗಿತು. ನನ್ನ ಎದೆಯೇ ಹೊಡೆದುಕೊಳ್ಳುತ್ತಿದ್ದುದರಿಂದ ಅಂಗೈ ನೆಕ್ಕಿಬಿಡೋಣವೇ ಎಂದೂ ಒಂದು ಗಳಿಗೆ ಯೋಚಿಸಿದೆ.

ಆಮೇಲೆ ಅವರು ಚೀಲದಿಂದ ಒಂದೊಂದೇ ಹೊರಗೆ ತೆಗೆದರು. ಬೆಳಿಗ್ಗೆ ಕೊಂಡ ಹಾಲು, ತುಪ್ಪದ ಸಣ್ಣ ಡಬ್ಬಿ, ಊರಿಂದ ತಂದಿದ್ದ ಹುರಿಗಡಲೆ, ಬೆಲ್ಲ, ಎಲೆ ಅಡಿಕೆ, ಹೊಗೆಸೊಪ್ಪಿನ ಚೂರು. ಅಲೆ ಮುಟ್ಟದ ಜಾಗ ನೋಡಿ, ಕೆಸರಿನ ಮೇಲೆ ಎಲೆ ಹಾಸಿ ಎಡೆ ಇಟ್ಟರು. ಹಡಗಿನ ಕಡೆಗೆ ತಿರುಗಿ ಹಾಲು ತುಪ್ಪ ಬಿಟ್ಟರು. ನಾವು ಮಣ್ಣು ಮಾಡಿದವರಿಗೆ ಮೂರನೇ ದಿನ ಮಾಡುತ್ತೇವಲ್ಲ, ಥೇಟ್ ಹಾಗೇ.

ನನ್ನ ಬಾಯಿ ಸುಮ್ಮನಿರುತ್ತದೆಯೇ? “ಭಾವ, ನಿಮ್ಮ ಹಡಗು ಹೊಗೆಸೊಪ್ಪು ಬೇರೆ ಹಾಕ್ತಿತ್ತಾ?” ಎಂದೆ.

“ಬಾಯ್ ಮುಚ್ಕೊಂಡು ಕೈ ಮುಗಿ” ಎಂದರು. ಮುಗಿದೆ. ಮೇಸ್ತ್ರಿಯೂ ಹೆಲ್ಮೆಟ್ ತೆಗೆದು ಕೈ ಮುಗಿದ, ಪಾಪ.

ವಾಪಸು ಬರುವಾಗ ರಸ್ತೆಯ ಇಕ್ಕೆಲಗಳಲ್ಲಿ ಅಂಗಡಿಗಳು. ಸತ್ತ ಹಡಗುಗಳ ಸೋಫಾ, ಗಡಿಯಾರ, ತಟ್ಟೆ, ಲೋಟ, ಎಲ್ಲವೂ ಮಾರಾಟಕ್ಕೆ. ಭಾವ ಒಂದು ಸೌಟು ಕೊಂಡಿದ್ದಾರೆ. ಅದರಲ್ಲಿ ಸಾರನ್ನೂ ಬಡಿಸಬಹುದು, ಕಬಿನಿಯಲ್ಲಿ ತೆಪ್ಪವನ್ನೂ ನಡೆಸಬಹುದು. ನಿನ್ನ ಅಡುಗೆಮನೆಗೆ ಉಡುಗೊರೆಯಂತೆ. ಬೇಡವೆಂದೆ, ಕೇಳಲಿಲ್ಲ. ಅದರ ವಿಚಾರ ನೀವು ನೀವೇ ಇತ್ಯರ್ಥ ಮಾಡಿಕೊಳ್ಳಿ.

ನಾಳೆ ಸೋಮನಾಥಕ್ಕೆ ಹೋಗಿ, ಅಲ್ಲಿಂದ ಊರಿನ ರೈಲು ಹತ್ತುತ್ತೇವೆ. ಈ ಪತ್ರ ನಮಗಿಂತ ಮೊದಲು ತಲುಪಬಹುದು. ಭಾವ ರಾತ್ರಿ ಗೊರಕೆ ಹೊಡೆದರು. ಆ ಸದ್ದಿಗೆ ಪಕ್ಕದ ರೂಮಿನವರು ಗೋಡೆ ತಟ್ಟಿದರು. ಇಷ್ಟು ಆರೋಗ್ಯ ಸಾಕಲ್ಲವೇ? ಕೊಟ್ಟ ಮಾತಿನಂತೆ ನಿನ್ನ ಗಂಡನನ್ನು ಹೋದಂಗೇ ತಂದು ಒಪ್ಪಿಸುತ್ತೇನೆ, ಸ್ವಲ್ಪ ರಿಪೇರಿಯೂ ಆಗಿದೆ. ಇನ್ನಾದರೂ ಸಿಟ್ಟು ಬಿಟ್ಟು ಫೋನ್ ಎತ್ತು. ಮೊಮ್ಮಗಳು ಪುಟ್ಟಿಗೆ ನನ್ನ ಆಶೀರ್ವಾದ ಹೇಳು. ನನಗೆ ನಿನ್ನದು ಇರಲಿ.

ನಿನ್ನ ತಮ್ಮ,
ಶಿವಶಂಕರ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಎಡೆ ಹಡಗಿಗೆ ಇಟ್ಟದ್ದಲ್ಲ ಅಕ್ಕ. ನಿನ್ನ ಅತ್ತೆ ಕೆಂಪಾಜಮ್ಮನವರಿಗೆ. ನಿನ್ನೆ ಸಂಜೆ ಲಾಡ್ಜಿನ ಮೆಟ್ಟಿಲ ಮೇಲೆ ಕೂತು ಭಾವ ತಾವಾಗಿಯೇ ಹೇಳಿದರು. “ಅವ್ವ ಹೋದ ಸುದ್ದಿ ಬಂದಾಗ ಚಪಾತಿ ಹಿಟ್ಟು ಕಲಸ್ತಿದ್ದೆ ಕಣ್ಲಾ. ನಡು ಸಮುದ್ರ, ಎಲ್ಲಿಗೆ ಇಳ್ದು ಓಡ್ಲಿ? ಹಡಗಿನೋರ‍್ಗೆಲ್ಲ ಊಟ ಇಕ್ಕಿ, ಆಮೇಲೆ ಆ ಚಿಮಣಿ ಕೆಳಗೆ ಕುಂತು ಅತ್ಕೊಂಡೆ. ಊರಿಗೆ ಬರೋದ್ರಲ್ಲಿ ತಿಥೀನೂ ಮುಗ್ದಿತ್ತು. ಒಂದ್ ಹಿಡಿ ಮಣ್ಣು ಹಾಕ್ದೇ ಇದ್ದೋನು ಯಾವ ಮುಖ ಹೊತ್ಕೊಂಡು ಅವ್ವನ್ನ ಮಣ್ಣು ಮಾಡಿದ್ ಗುಡ್ಡೆ ತಾವಕ್ಕೆ ಹೋಗ್ಲಿ? ನನ್ ಪಾಲಿಗೆ ಅವ್ವನ ಗುಡ್ಡೆ ಆ ಅಡುಗೆಮನೇನೇ ಆಗೋಯ್ತು. ಅದ್ನೂ ಕತ್ತರಿಸ್ತಾರೆ ಅಂದಾಗ ಎದೆ ಒಡ್ದೋಯ್ತು.”

ಪ್ರತಿ ಪಿತೃಪಕ್ಷಕ್ಕೂ ನೀನೊಬ್ಬಳೇ ಎಡೆಯ ಮಂಕರಿ ಹೊತ್ತು ಗದ್ದೆಯಲ್ಲಿರುವ ಅತ್ತೆಯ ಗುಡ್ಡೆಗೆ ಹೋಗಿ, “ಹೆತ್ತವ್ವನ ಗುಡ್ಡೆ ಕಡೆ ತಿರುಗಿ ನೋಡ್ದ ಕಲ್ಲು ಮನುಷ್ಯ” ಎಂದು ಅವರನ್ನು ಬೈದುಕೊಂಡು ಬರುತ್ತಿದ್ದೆ. ನಾನೂ ಹೌದೆಂದು ತಲೆಯಾಡಿಸಿದ್ದೇನೆ. ಅವರು ಮಾತ್ರ ಒಂದು ದಿನವೂ ಎದುರಾಡಲಿಲ್ಲ.

ನಿನ್ನೆ ಮೇಲೆದ್ದು ಪಂಚೆ ಕೊಡವಿಕೊಂಡು, “ಊರಿಗೋದೇಟ್ಗೆ ಮೊದ್ಲು ಗದ್ದೆಗೆ ಹೋಗವ” ಎಂದರು. ಈ ವಿಷಯ ನಿನಗೆ ತಿಳಿದಿದೆಯೆಂದು ಅವರ ಮುಂದೆ ತೋರಿಸಿಕೊಳ್ಳಬೇಡ. ಅಂಕಯ್ಯನಿಗೆ ಹೇಳಿ, ನಾಲೆ ಏರಿಯಿಂದ ಗುಡ್ಡೆಯವರೆಗಿನ ದಾರಿಯಲ್ಲಿ ಬೆಳೆದಿರುವ ಜಾಲಿ ಮುಳ್ಳನ್ನಷ್ಟು ಸವರಿಸಿಡು. ಭಾವ ಚಪ್ಪಲಿ ಬಿಟ್ಟು ನಡೆಯುತ್ತಾರಂತೆ.